ಗುಂಯ್‌ಗುಡುತ್ತಿದ್ದ ಡಬ್ಬಿ

ನಿವೃತ್ತಳಾದ ಮೇಲೆ ಏನೇನು ಮಾಡಬೇಕೆಂದು ನಾನು ಅಂದುಕೊಂಡಿದ್ದೆನೋ ಅದರಲ್ಲಿ ಮೈಕಿನ ಮುಂದೆ ಕೂತು ಕಂಪ್ಯೂಟರನ್ನು ಬೈಯುವ ಕೆಲಸ ಇರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಗುಡಗೇರಿಯ ಮನೆಯಲ್ಲಿ ಕಾಲು ಚಾಚಿದಾಗ ನನಗೆ ಬೇಕಾಗಿದ್ದದ್ದು ಎರಡೇ: ಗಡಿಯಾರ ನೋಡದೆ ಏಳುವುದು, ಒಂದು ಮಾತನ್ನು ಯಾರಿಗೂ ಎರಡು ಸಲ ಹೇಳದಿರುವುದು. ಎರಡನೆಯದು ಆರು ತಿಂಗಳೂ ಬಾಳಲಿಲ್ಲ.

ಒಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಎರಡು ಹಳ್ಳಿ ಆಚೆಯವಳು. ನನ್ನ ಕ್ಲಾಸಿನಲ್ಲಿದ್ದಾಗ ದಪ್ಪ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ಆಮೇಲೆ ಕಾಲೇಜು ಓದುವಾಗ ಕಣ್ಣು ಪೂರ್ತಿ ಹೋಯಿತೆಂದು ಕೇಳಿದ್ದೆ. ಈಗ ಅವಳಿಗೆ ಇಪ್ಪತ್ತೇಳು. ತಾಯಿ ಹೊಲದ ಕೂಲಿಗೆ ಹೋಗಿ ಓದಿಸಿದ್ದಳು, ಇವಳು ಬಿ.ಎಡ್. ಕೂಡ ಮುಗಿಸಿಕೊಂಡಿದ್ದಳು. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ತಯಾರಿ ನಡೆಸಿದ್ದಳು.

"ಅಕ್ಕೋರ, ಫೋನಿನ್ಯಾಗಿನ ಯಂತ್ರ ಕನ್ನಡ ಪುಸ್ತಕ ಓದತೈತ್ರಿ. ಆದ್ರ ಒತ್ತಕ್ಷರ ಬಂತಂದ್ರ ಮುಗ್ಗರಿಸಿ ಬೀಳತೈತಿ. ಹಳೇ ಪುಸ್ತಕದ ಫೋಟೋ ಅಂತೂ ಬಾಯಿನ ತಗಿಯಂಗಿಲ್ಲ," ಎಂದಳು. "ನೀವು ಓದಿ ಕಳಸ್ತೀರೇನ್ರಿ?"

ಓದುವುದು ತಾನೇ, ಅದರಲ್ಲೇನು ಕಷ್ಟ ಎಂದುಕೊಂಡು ಹೂಂ ಎಂದೆ. ಮರುದಿನವೇ ಫೋನಿನಲ್ಲಿ ಒಂದು ಪಾಠ ಓದಿ ಕಳಿಸಿದೆ. ಸಂಜೆ ಅವಳು ತುಂಬಾ ನಯವಾಗಿ ಹೇಳಿದಳು: ಪಾಠ ಚಲೋ ಇತ್ತು, ಆದರೆ ಫ್ಯಾನಿನ ಗಾಳಿ ಮಾತಿನ ಮೇಲೆಯೇ ಬೀಸುತ್ತಿತ್ತು, ನಡುವೆ ಮೂರು ಸಲ ಕುಕ್ಕರ್ ಕೂಗಿತು, ಒಂದು ಕಡೆ ಯಾರದೋ ಫೋನ್ ಬಂದು ಅರ್ಧ ಪುಟವೇ ಇಲ್ಲ. ಒಂದು ಪಾಠವನ್ನು ಆರೇಳು ಸಲ ಕೇಳಿ ಬಾಯಿಪಾಠ ಮಾಡುವವಳು ಆರೇಳು ಸಲವೂ ನನ್ನ ಕುಕ್ಕರ್ ಕೇಳಬೇಕಲ್ಲ ಎಂದು ನನಗೇ ನಾಚಿಕೆಯಾಯಿತು.

ನಮ್ಮ ಊರಿನಲ್ಲಿ ಮದುವೆ, ಸಭೆಗಳಿಗೆ ಮೈಕ್ ಸೆಟ್ ಹಾಕುವವನೊಬ್ಬನಿದ್ದಾನೆ. ಅವನ ಹತ್ತಿರ ಹೋಗಿ ಕೇಳಿದೆ. ಅವನು ಅಟ್ಟದಿಂದ ಒಂದು ಮೈಕ್, ಒಂದು ಹೆಡ್‌ಫೋನ್, ಇಟ್ಟಿಗೆಯ ಅರ್ಧದಷ್ಟು ದೊಡ್ಡದಾದ ಒಂದು ಕಬ್ಬಿಣದ ಡಬ್ಬಿ ಇಳಿಸಿದ. ಡಬ್ಬಿಯ ಮುಂದೆ ಎರಡು ತಿರುಗಣೆ, ನಾಲ್ಕು ಗುಂಡಿ. "ಇದಕ್ಕ ಸೌಂಡ್ ಕಾರ್ಡ್ ಅಂತಾರ್ರಿ ಅಕ್ಕೋರ. ಮೈಕ್ ಇದಕ್ಕ ಹಚ್ಚೂದು, ಇದನ್ನ ಕಂಪ್ಯೂಟರಿಗೆ ಹಚ್ಚೂದು. ಅಷ್ಟ," ಎಂದ. ಆ 'ಅಷ್ಟ' ಎಂಬ ಮಾತನ್ನು ನಾನು ಆಮೇಲೆ ಹಲವು ಸಲ ನೆನೆಸಿಕೊಂಡೆ, ಒಳ್ಳೆಯ ಮನಸ್ಸಿನಿಂದಲ್ಲ.

ಡಬ್ಬಿಯ ಜೊತೆ ಬರಬೇಕಾಗಿದ್ದ ವೈರ್ ಎಲ್ಲೋ ಕಳೆದಿತ್ತು. ನಮ್ಮ ಮನೆಯಲ್ಲಿದ್ದ ಫೋನ್ ಚಾರ್ಜರಿನ ವೈರ್ ಅದಕ್ಕೆ ಸರಿಯಾಗಿ ಕೂತಿತು. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಹಚ್ಚಿದೆ. ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿತು. ಆದರೆ ಕಂಪ್ಯೂಟರಿನೊಳಗೆ ಎಲ್ಲಿ ಹುಡುಕಿದರೂ ಡಬ್ಬಿಯ ಸುದ್ದಿಯೇ ಇಲ್ಲ. ಆರಿಸಿ ಹಚ್ಚಿದೆ. ವೈರ್ ಕಿತ್ತು ಇನ್ನೊಂದು ಕಡೆ ತುರುಕಿದೆ. ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕೆಂದು ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ನೋಡಿ ಅದನ್ನು ಇಳಿಸಿಕೊಂಡೆ. ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು.

ನನ್ನ ಯಜಮಾನರು ಕಾಳುಕಡಿಯ ಅಡತಿ ಅಂಗಡಿ ನಡೆಸಿ, ಈಗ ಅದನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿರುವವರು. ಬಾಗಿಲಲ್ಲಿ ನಿಂತು ನೋಡಿ ಹೇಳಿದರು: "ದೀಪ ಹತ್ತೇತಲ, ಮತ್ತೇನ್ ಬೇಕು ನಿನಗ?"

"ದೀಪ ಹತ್ತಿದ್ರ ಪಾಠ ಆಗತೈತೇನ್ರಿ?"

"ಹತ್ತಲಿಲ್ಲಂದ್ರ ಕೆಟ್ಟೇತಿ ಅನಬಹುದಿತ್ತು. ಹತ್ತೇತಿ ಅಂದ್ಮ್ಯಾಲೆ ಚಲೋ ಐತಿ. ನಿನಗ ಬರವಲ್ದು," ಎಂದು ಹೋಗಿ ಮಲಗಿದರು.

ಸಂಜೆ ಮೈಕ್ ಸೆಟ್ಟಿನವನಿಗೆ ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ವಾಯರ್ ಯಾವದ್ರಿ?" ಹೇಳಿದೆ. "ಅದು ಬರೇ ಕರೆಂಟ್ ಒಯ್ಯೂ ವಾಯರ್ ಇರಬೇಕ್ರಿ. ಮಾತ್ ಒಯ್ಯೂದಲ್ಲ. ಬ್ಯಾರೆ ಕಳಸ್ತೇನಿ," ಎಂದ. ನೋಡಲು ಒಂದೇ ಥರ ಇರುವ ಎರಡು ವೈರ್‌ಗಳಲ್ಲಿ ಒಂದು ಮೂಕ, ಇನ್ನೊಂದು ಮಾತಾಡುವಂಥದ್ದು ಎಂದು ಯಾರಾದರೂ ಅದರ ಮೈಮೇಲೆ ಬರೆದಿದ್ದರೆ ನನ್ನ ಒಂದು ದಿನ ಉಳಿಯುತ್ತಿತ್ತು.

ಬೇರೆ ವೈರ್ ಬಂತು. ಹಚ್ಚಿದ ಕೂಡಲೇ ಕಂಪ್ಯೂಟರ್ ಟಿಣ್ ಎಂದಿತು, ಡಬ್ಬಿಯ ಹೆಸರು ತೋರಿಸಿತು. ನನಗೆ ಆದ ಖುಷಿಯಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಯಜಮಾನರಿಗೆ ಟಿವಿ ಹಚ್ಚಬೇಡಿ ಎಂದು ಹೇಳಿ, ಬೆವರುತ್ತ ಒಂದು ತಾಸು ಓದಿದೆ. ಊರ ಪಕ್ಕದ ಹಳಿಯ ಮೇಲೆ ರೈಲು ಬಂದಾಗ ನಿಲ್ಲಿಸಿದೆ, ಹೋದ ಮೇಲೆ ಶುರು ಮಾಡಿದೆ. ಮುಗಿಸಿ ಕೇಳಿದರೆ ಧ್ವನಿ ಬಾವಿಯಿಂದ ಬಂದಂತೆ ಇತ್ತು. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಇಟ್ಟುಕೊಂಡು ನೋಡಿದೆ, ಅದೇ ಬಾವಿ. ಕೊನೆಗೆ ಸಿಟ್ಟಿನಿಂದ ಮೈಕಿನ ತಲೆಗೆ ಬೆರಳಿನಿಂದ ಕುಟ್ಟಿದೆ. ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಅದೇ ಸಿಟ್ಟಿನಲ್ಲಿ ಲ್ಯಾಪ್‌ಟಾಪಿಗೆ ಒಂದು ಏಟು ಹಾಕಿದೆ. ಗೆರೆ ಬೆಟ್ಟದಷ್ಟು ಎದ್ದಿತು.

ಅಂದರೆ ಇಷ್ಟು ಹೊತ್ತು ನನ್ನ ಮಾತು ಕೇಳುತ್ತಿದ್ದದ್ದು ಮೈಕ್ ಅಲ್ಲ, ಲ್ಯಾಪ್‌ಟಾಪಿನೊಳಗೇ ಇರುವ ಸೂಜಿಮೊನೆಯಂಥ ಇನ್ನೊಂದು ಮೈಕ್. ರೆಕಾರ್ಡ್ ಮಾಡುವ ಸಾಫ್ಟ್‌ವೇರಿನ ಒಂದು ಮೂಲೆಯಲ್ಲಿ ಯಾವ ಮೈಕಿನಿಂದ ತೆಗೆದುಕೊಳ್ಳಬೇಕೆಂದು ಆರಿಸುವ ಪಟ್ಟಿ ಇತ್ತು. ಅದರಲ್ಲಿ ಡಬ್ಬಿಯನ್ನು ಆರಿಸಿದೆ. ಈಗ ಬಾವಿಯ ಧ್ವನಿಯೂ ಹೋಯಿತು. ಏನೂ ಇಲ್ಲ. ಗೆರೆ ನೇಗಿಲು ಹೊಡೆದ ಸಾಲಿನಂತೆ ನೆಟ್ಟಗೆ ಓಡುತ್ತಿತ್ತು.

ಮತ್ತೆ ಫೋನ್. ಮೈಕ್ ಸೆಟ್ಟಿನವನು ಯಾವುದೋ ಮದುವೆಯ ಗದ್ದಲದಲ್ಲಿದ್ದ. "ಡಬ್ಬಿ ಹಿಂದ ನಲವತ್ತೆಂಟು ಅಂತ ಬರದದ್ದು ಗುಂಡಿ ಐತಲ್ರಿ, ಅದನ್ನ ಒತ್ತೀರೇನ್ರಿ?"

"ಅದು ಐತಿ ಅಂತನ ನೀ ಹೇಳಿಲ್ಲಲೋ ತಮ್ಮಾ."

"ಆ ಮೈಕಿಗೆ ಕರೆಂಟ್ ಬೇಕಾಗತೈತ್ರಿ. ಅದನ್ನ ಒತ್ತಿದ್ರ ಸಿಗತೈತಿ. ಎಲ್ಲಾರಿಗೂ ಗೊತ್ತಿರತೈತಿ ಅಂತ ಹೇಳಲಿಲ್ರಿ."

ಎಲ್ಲರಿಗೂ ಗೊತ್ತಿರುತ್ತದಂತೆ. ಒತ್ತಿದೆ. ಗೆರೆಗೆ ಜೀವ ಬಂತು.

ಆ ವಾರ ನಾಲ್ಕು ಪಾಠ ಓದಿ ಕಳಿಸಿದೆ. ಉತ್ತರ ಬಂತು: "ಅಕ್ಕೋರ, ಎಡಗಿವ್ಯಾಗ ಅಷ್ಟ ಕೇಳಸ್ತೈತ್ರಿ. ಬಲಗಿವಿ ಖಾಲಿ ಐತಿ." ಮೈಕಿನ ಒಂದೇ ಧ್ವನಿಯನ್ನು ಎರಡೂ ಕಿವಿಗೆ ಹಂಚಲು ಇನ್ನೊಂದು ಕಡೆ ಇನ್ನೇನೋ ಆರಿಸಬೇಕಿತ್ತು. ನಾಲ್ಕನ್ನೂ ಸರಿ ಮಾಡಿ ಮತ್ತೆ ಕಳಿಸಿದೆ. ಮರುದಿನ ಮತ್ತೆ ಫೋನ್.

"ಎರಡೂ ಕಿವಿಗೂ ಬರಾಕತ್ತೇತ್ರಿ. ಆದ್ರ ಮಾತಿನ ಹಿಂದ ಒಂದ ಸಪ್ಪಳ ಐತ್ರಿ. ಗುಂಯ್ ಅಂತ. ಮೊದಲಿಂದ ಕಡೀತನಕ ಒಂದ ಸಮ. ನೀವು ಸುಮ್ಮನಾದಾಗ ಅದ ಒಂದ ಕೇಳಸ್ತೈತಿ."

ನಾನು ಕೇಳಿದೆ. ನನಗೆ ಅಷ್ಟೇನೂ ಕೇಳಿಸಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಧ್ವನಿ ಏರಿಸಿದಾಗ ಕೇಳಿಸಿತು. ಬಿಸಿಲಿನಲ್ಲಿ ದೊಡ್ಡದೊಂದು ಜೀರುಂಡೆ ಗೋಡೆಗೆ ಅಂಟಿಕೊಂಡು ನರಳಿದ ಹಾಗೆ. ಫ್ರಿಜ್ ಆರಿಸಿದೆ, ಗುಂಯ್. ಟ್ಯೂಬ್‌ಲೈಟ್ ಆರಿಸಿದೆ, ಗುಂಯ್. ಮೈಕನ್ನು ದೇವರ ಕೋಣೆಗೆ ಒಯ್ದೆ, ಮಲಗುವ ಕೋಣೆಗೆ ಒಯ್ದೆ, ಗಾದಿ ಸುತ್ತಿ ಅದರ ನಡುವೆ ಕೂತು ಓದಿದೆ. ಗುಂಯ್ ನನ್ನ ಹಿಂದೆಯೇ ಬಂತು. ತಿರುಗಣೆ ಇಳಿಸಿದರೆ ಮಾತೂ ಇಳಿಯುತ್ತಿತ್ತು. ಸಪ್ಪಳ ಅಳಿಸುವ ಒಂದು ಉಪಾಯ ಸಾಫ್ಟ್‌ವೇರಿನಲ್ಲಿ ಸಿಕ್ಕಿತು. ಅದನ್ನು ಬಳಸಿದರೆ ನಾನು ತಗಡಿನ ಡಬ್ಬಿಯೊಳಗೆ ಕೂತು ಪಾಠ ಹೇಳಿದಂತಾಯಿತು. ಅದನ್ನೇ ಕಳಿಸಿದೆ, ಇನ್ನು ಏನೂ ಅನ್ನಲಾರಳು ಎಂದು.

ಅಂದಳು. "ಸಪ್ಪಳ ಹೋಗೇತ್ರಿ ಅಕ್ಕೋರ, ಆದ್ರ ಶ ಷ ಸ ಮೂರೂ ಒಂದ ಆಗ್ಯಾವ್ರಿ."

ಹತ್ತು ದಿನದ ಸಿಟ್ಟು ನನ್ನ ನಾಲಿಗೆಗೆ ಬಂತು. "ನೋಡವಾ, ಬೆಳಗಿಂದ ಸಂಜೀತನಕ ಬಾಗಲಾ ಹಾಕ್ಕೊಂಡು ಬೇಯಾಕತ್ತೇನಿ. ಗಂಟಲಾ ಹರದ ಹೋಗೇತಿ. ಓದಿ ಕೊಟ್ಟದ್ದಕ್ಕ ಎಷ್ಟರ ತಪ್ಪ ತಗದು ಹೆಸರ ಇಡ್ತಿ? ಪಾಠ ತಿಳೀತೈತಿಲ್ಲೋ, ಅಷ್ಟ ಸಾಕಾಗಂಗಿಲ್ಲೇನು?"

ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ.

"ಅಕ್ಕೋರ, ಸಾಲ್ಯಾಗ ನೀವು ಬೋರ್ಡ್ ಮ್ಯಾಲೆ ಬರದದ್ದು ನನಗ ಕಾಣಸ್ತಿದ್ದಿಲ್ರಿ. ಚಸ್ಮಾ ಹಾಕ್ಕೊಂಡು ಮುಂದ ಕುಂತರೂ ಕಾಣಸ್ತಿದ್ದಿಲ್ಲ. ಕಾಣವಲ್ದು ಅಂತ ಹೇಳಿದ್ರ ಸಾಲಿ ಬಿಡಸ್ತಾರ ಅಂತ ಅಂಜಿ ಎರಡ ವರ್ಷ ಯಾರಿಗೂ ಹೇಳಲಿಲ್ಲ. ಬಾಜೂದಕಿ ನೋಟಬುಕ್ ನೋಡಿ ಬರೀತಿದ್ದೆ, ಆಕಿ ತಪ್ಪ ಬರದ್ರ ನಂದೂ ತಪ್ಪ. ಈಗ ಹೇಳೂದು ಕಲತೇನ್ರಿ. ನಿಮಗ ತ್ರಾಸ ಆಗತೈತಿ ಅಂದ್ರ ಬಿಡ್ರಿ, ನಾ ಏನೂ ಅನಕೊಳ್ಳಂಗಿಲ್ಲ."

ಫೋನ್ ಇಟ್ಟೆ. ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲಿನ ನಕ್ಷೆ ಇಳಿಸಿಕೊಳ್ಳದೆ ಖಾಲಿ ಹಾಳೆ ತೋರಿಸಿದ್ದಕ್ಕೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಯಿತು. ಮುಂದಿನ ಸಾಲಿನಲ್ಲಿ ಕೂತು ಹೀಗೆ ಮಾಡುತ್ತೀಯಲ್ಲ, ನಾಚಿಕೆ ಬರುವುದಿಲ್ಲವೇ ಎಂದು ಕೇಳಿದ್ದೆ. ಅವಳು ಆ ಮಾತನ್ನು ಎತ್ತಲಿಲ್ಲ. ಮರೆತಿದ್ದಳೋ, ಬೇಕೆಂದೇ ಬಿಟ್ಟಳೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಆಗಿಲ್ಲ.

ಮರುದಿನ ನಾನೇ ಫೋನ್ ಮಾಡಿ, "ಸಂತಿ ದಿನ ನಿಮ್ಮವ್ವನ ಕೂಡ ಬಾ. ನನ್ನ ಕಿವಿಗೆ ಅದರ ಜಾಡ ಸಿಗವಲ್ದು. ನೀನ ಹೇಳು," ಎಂದೆ.

ಸಂತೆಯ ದಿನ ತಾಯಿ ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು, ಚೀಲ ಹಿಡಿದು ಸಂತೆಗೆ ಹೋದಳು. ಅವಳಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ನಾನು ಒಂದೊಂದಾಗಿ ಸಾಮಾನು ಆರಿಸುತ್ತ ಹೋದೆ. ಅವಳು ತಲೆ ತಗ್ಗಿಸಿಕೊಂಡು, "ಐತ್ರಿ... ಐತ್ರಿ... ಇನ್ನೂ ಐತ್ರಿ," ಎನ್ನುತ್ತಿದ್ದಳು. ಅರ್ಧ ತಾಸಿನಲ್ಲಿ ಇಬ್ಬರಿಗೂ ಸಾಕಾಯಿತು. ಮನೆಯಲ್ಲಿ ಆರಿಸಲು ಇನ್ನೇನೂ ಉಳಿಯಲಿಲ್ಲ. ನಾನು ಸೋತು, ಡಬ್ಬಿಯನ್ನು ಈ ಕಡೆ ಸರಿಸೋಣವೆಂದು ಕೈ ಹಾಕಿದೆ.

"ಈಗೇನ್ ಮುಟ್ಟಿದ್ರಿ?" ಎಂದಳು.

"ಡಬ್ಬಿ ಮುಟ್ಟೀನಿ."

"ಕೈ ಬಿಡ್ರಿ." ಬಿಟ್ಟೆ. "ಮತ್ತ ಮುಟ್ರಿ." ಮುಟ್ಟಿದೆ. "ನೀವು ಮುಟ್ಟಿದಾಗ ಕಮ್ಮಿ ಆಗತೈತ್ರಿ. ಬಿಟ್ರ ಮತ್ತ ಬರತೈತಿ. ಸಪ್ಪಳ ಹೊರಗಿಂದಲ್ರಿ ಅಕ್ಕೋರ. ಕರೆಂಟಿನ ಸಂಗಾಟ ಒಳಗ ಬರಾಕತ್ತೇತಿ."

ಹಾಗಾದರೆ ಕರೆಂಟನ್ನೇ ತೆಗೆದು ನೋಡೋಣವೆಂದು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಅವಳ ಮುಖ ಒಮ್ಮೆಲೇ ಸಡಿಲಾಯಿತು. "ಹೋತ್ರಿ. ಪೂರ್ತಿ ಹೋತು." ನಾನು ಹೆಡ್‌ಫೋನ್ ಕಸಿದುಕೊಂಡು ಕೇಳಿದೆ. ಮಳೆ ನಿಂತ ಮೇಲಿನ ಹೊಲದಂತೆ ಇತ್ತು. ಆದರೆ ಆ ಸುಖ ಇಪ್ಪತ್ತು ನಿಮಿಷದ್ದು. ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿತ್ತು. ಚಾರ್ಜರ್ ಇಲ್ಲದೆ ಅದು ಅಷ್ಟೇ ಹೊತ್ತು ಬದುಕುವುದು. ಒಂದು ಪಾಠಕ್ಕೆ ಮೂರು ಸಲ ಚಾರ್ಜಿಗೆ ಹಾಕಿ ಕಾಯಬೇಕು.

ಸಂಜೆ ವೈರ್‌ಮನ್‌ನನ್ನು ಕರೆಸಿದೆ. ಅವನು ಪ್ಲಗ್ ಚುಚ್ಚುವ ಬೋರ್ಡನ್ನು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ನೋಡಿ ನಕ್ಕ. "ಅಕ್ಕೋರ, ಮ್ಯಾಲಿನ ದೊಡ್ಡ ತೂತಿಗೆ ವಾಯರ್ ಇಲ್ರಿ. ಅರ್ಥಿಂಗ್ ಬರಬೇಕಾದದ್ದು ಅದಕ್ಕ. ಇದು ಬರೇ ತೋರಸಾಕ ಇಟ್ಟಾರ." ಇನ್ನೊಂದು ಬೋರ್ಡ್ ಬಿಚ್ಚಿಸಿದೆ. ಅದೂ ಹಾಗೆಯೇ. ಇಡೀ ಮನೆಯಲ್ಲಿ ಒಂದಕ್ಕೂ ಇರಲಿಲ್ಲ. ನೆಲಕ್ಕೆ ಇಳಿಯಬೇಕಾದ ಕರೆಂಟು ಇಳಿಯಲು ದಾರಿ ಇಲ್ಲದೆ ಲ್ಯಾಪ್‌ಟಾಪಿಗೆ, ಅಲ್ಲಿಂದ ಡಬ್ಬಿಗೆ, ಅಲ್ಲಿಂದ ನನ್ನ ಪಾಠದೊಳಗೆ ಹೊಕ್ಕು ನರಳುತ್ತಿತ್ತು.

ನಾನು ಯಜಮಾನರ ಕಡೆ ತಿರುಗಿದೆ. ಮನೆ ಕಟ್ಟಿಸಿದವರು ಅವರು. ಆಗ ನಾನು ಬೇರೆ ಊರಿನ ಶಾಲೆಯಲ್ಲಿದ್ದೆ. ತಿಂಗಳಿಗೊಮ್ಮೆ ಬಂದು ಗೋಡೆ ಎಷ್ಟು ಎತ್ತರ ಆಗಿದೆ ಎಂದು ನೋಡಿ ಹೋಗುತ್ತಿದ್ದೆ.

"ಇಪ್ಪತ್ತ ವರ್ಷದಿಂದ ಗ್ರೈಂಡರ್ ಮುಟ್ಟಿದ್ರ ಜುಮ್ ಅಂತೈತಿ ಅಂತ ಹೇಳಾಕತ್ತೇನಿ. ನೀವೇನ್ ಹೇಳ್ತಿದ್ರಿ?"

ಅವರು ಬಗ್ಗಿ ಬೋರ್ಡಿನ ತೂತನ್ನು ನೋಡತೊಡಗಿದರು.

"ಚಪ್ಪಲ್ ಹಾಕ್ಕೋ ಅಂತ ಹೇಳ್ತಿದ್ರಿ. ಅಡಗಿ ಮನ್ಯಾಗ ಚಪ್ಪಲ್ ಹಾಕ್ಕೊಂಡು ಹಿಟ್ಟ ರುಬ್ಬೇನಿ ಇಪ್ಪತ್ತ ವರ್ಷ."

"ಆಗಿನ ಕಾಲಕ್ಕ ಯಾರ ಹಾಕಸ್ತಿದ್ರು? ಎಲ್ಲಾರ ಮನ್ಯಾಗೂ ಹಿಂಗ ಐತಿ," ಎಂದರು.

"ಎಲ್ಲಾರ ಮನಿ ವಿಚಾರ ಬಿಡ್ರಿ," ಎಂದೆ. ವೈರ್‌ಮನ್ ತನ್ನ ಟಾರ್ಚನ್ನು ಒರೆಸುವುದರಲ್ಲಿ ಮಗ್ನನಾಗಿದ್ದ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಯಜಮಾನರು ಬಚ್ಚಲ ಹಿಂದೆ ಹಾರೆ ಹಿಡಿದು ತಗ್ಗು ತೋಡುತ್ತಿದ್ದರು. ಆಳು ಕರೆಯಿರಿ ಎಂದರೆ ಕೇಳಲಿಲ್ಲ. ನಮ್ಮದು ಎರೆ ಭೂಮಿ. ಮೇಲೆ ಬಿರುಕು ಬಿಟ್ಟಿದ್ದರೂ ಕೆಳಗೆ ಹಾರೆಯನ್ನು ಕಚ್ಚಿ ಹಿಡಿಯುವ ಮಣ್ಣು. ಎರಡು ದಿನ ತೋಡಿದರು. ವೈರ್‌ಮನ್ ಬಂದು ಉದ್ದನೆಯ ಪೈಪು ನಿಲ್ಲಿಸಿ, ಸುತ್ತಲೂ ಒಂದು ಪದರು ಇದ್ದಿಲು, ಒಂದು ಪದರು ಉಪ್ಪು ಹಾಕಿ ಮುಚ್ಚಿ, ಅಲ್ಲಿಂದ ಹಸಿರು ವೈರ್ ಎಳೆದು ಬೋರ್ಡುಗಳಿಗೆ ಕೊಟ್ಟ. ಯಜಮಾನರು ಅದರ ಮೇಲೆ ನಾಲ್ಕು ಕೊಡ ನೀರು ಸುರಿದರು. ಮಧ್ಯಾಹ್ನ ಅಡುಗೆಮನೆಗೆ ಬಂದು, ಬರಿಗಾಲಲ್ಲಿ ನಿಂತು, ಗ್ರೈಂಡರಿನ ಮೇಲೆ ಪೂರ್ತಿ ಅಂಗೈ ಇಟ್ಟು ನೋಡಿ, ಹೊರಗೆ ಹೋದರು. ಅದು ಅವರು ತಪ್ಪು ಒಪ್ಪಿಕೊಳ್ಳುವ ರೀತಿ ಎಂದು ನಾನು ತಿಳಿದುಕೊಂಡೆ.

ಅಂದು ಸಂಜೆ ಒಂದು ಪುಟ ಓದಿ ಕಳಿಸಿದೆ. ಈ ಸಲ ಏನಾದರೂ ಹೆಸರಿಟ್ಟರೆ ಡಬ್ಬಿಯನ್ನು ಅದರ ಮಾಲೀಕನ ಅಟ್ಟಕ್ಕೆ ವಾಪಸು ಕಳಿಸುವುದೇ ಎಂದು ನಿಶ್ಚಯಿಸಿದ್ದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಸಪ್ಪಳ ಒಂಚೂರೂ ಇಲ್ರಿ ಅಕ್ಕೋರ. ಅಗದಿ ಸ್ವಚ್ಛ ಆಗೇತಿ." ಜೊತೆಗೇ ಸೇರಿಸಿದಳು: "ಈಗ ಇನ್ನೊಂದ ಗೊತ್ತಾಗಾಕತ್ತೇತ್ರಿ. ನೀವು ವಾಕ್ಯದ ಕಡೀ ಶಬ್ದ ನುಂಗತೀರಿ. ಆಯಿತೋ, ಆಗಲಿಲ್ಲೋ ತಿಳಿಯಂಗಿಲ್ಲ. ಇತಿಹಾಸದಾಗ ಅದ ಮುಖ್ಯ ನೋಡ್ರಿ."

ಮೂವತ್ತು ವರ್ಷ ನನ್ನ ಪಾಠ ಕೇಳಿದ ಒಬ್ಬರೂ ಇದನ್ನು ಹೇಳಿರಲಿಲ್ಲ. ಸಿಟ್ಟು ಬಂತು. ಆದರೆ ಹಳೆಯ ರೆಕಾರ್ಡು ಹಾಕಿ ಕೇಳಿದರೆ ಅವಳು ಹೇಳಿದ್ದು ಸರಿಯೇ ಇತ್ತು. ಯುದ್ಧಗಳೆಲ್ಲ ನಡೆದವೋ ಇಲ್ಲವೋ ಎನ್ನುವ ಹಾಗೆ ಓದಿದ್ದೆ. ಮೊದಲ ಪಾಠದಿಂದ ಮತ್ತೆ ಶುರು ಮಾಡಿದೆ.

ಎಂಟು ತಿಂಗಳು ಓದಿದೆ. ಆ ಎಂಟು ತಿಂಗಳಲ್ಲಿ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಎರಡು ಸಲ ಡಬ್ಬಿಯನ್ನು ಮರೆತುಬಿಟ್ಟಿತು. ಒಮ್ಮೆ ಮೈಕಿನೊಳಗೆ ಇರುವೆ ಹೊಕ್ಕವು. ಒಮ್ಮೆ ಎರಡು ತಾಸು ಓದಿ ಮುಗಿಸಿ, ಕೆಂಪು ಗುಂಡಿ ಒತ್ತಿಯೇ ಇರಲಿಲ್ಲ ಎಂದು ಗೊತ್ತಾಯಿತು. ಆ ದಿನ ಯಜಮಾನರು ನನ್ನ ಮುಖ ನೋಡಿ, ಕೇಳದೆಯೇ ಚಹಾ ಮಾಡಿಕೊಟ್ಟರು.

ಪರೀಕ್ಷೆಗೆ ಅವಳ ಉತ್ತರ ಬರೆದುಕೊಡಲು ಕಾಲೇಜಿನ ಹುಡುಗಿಯೊಬ್ಬಳನ್ನು ಕೊಟ್ಟಿದ್ದರಂತೆ. ಪ್ರಶ್ನೆಯನ್ನು ಗಡಬಡಿಸಿ ಓದುತ್ತಿದ್ದವಳಿಗೆ ಇವಳು, "ಕಡೀ ಶಬ್ದ ನುಂಗಬ್ಯಾಡವಾ, ಅಲ್ಲ ಅಂತ ಐತೋ, ಹೌದು ಅಂತ ಐತೋ ಹೇಳು," ಎಂದು ನಾಲ್ಕೈದು ಸಲ ಓದಿಸಿದಳಂತೆ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ನಾನು ಎರಡು ದಿನ ಅವಳಿಗೆ ಫೋನ್ ಮಾಡಲಾರದೆ ಕೂತೆ. ಅವಳೇ ಮಾಡಿ, ಎರಡನೇ ಪಟ್ಟಿ ಬರುವುದಿದೆ, ಅಲ್ಲಿಯವರೆಗೆ ಭೂಗೋಳ ಓದಿ ಕಳಿಸಿ ಎಂದಳು. ಓದಿ ಕಳಿಸಿದೆ. ಎರಡನೇ ಪಟ್ಟಿಯಲ್ಲಿ ಬಂತು.

ನೇಮಕಾತಿಯ ಆದೇಶ ಕೈಗೆ ಬಂದ ದಿನ ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅವಳಿಗೆ ಸಿಕ್ಕಿದ್ದು ಕಲಘಟಗಿ ತಾಲೂಕಿನ ತಂಬೂರಿನ ಪಕ್ಕದ ಒಂದು ಸಣ್ಣ ಶಾಲೆ. ಮನೆಯಲ್ಲಿ ಅವಳ ಅಣ್ಣ ಆಗಲೇ ಆದೇಶ ಓದಿ ಹೇಳಿದ್ದ. ಆದರೂ ಕವರನ್ನು ನನ್ನ ಕೈಗೆ ಕೊಟ್ಟು, "ನೀವೊಮ್ಮೆ ಓದ್ರಿ," ಎಂದಳು.

"ಎಲ್ಲಿಂದ ಓದಲಿ?"

"ಮ್ಯಾಲಿಂದ್ರಿ. ಏನೂ ಬಿಡಬ್ಯಾಡ್ರಿ."

ಕಚೇರಿಯ ಹೆಸರು ಓದಿದೆ, ಪತ್ರದ ಸಂಖ್ಯೆ ಓದಿದೆ, ವಿಷಯ ಓದಿದೆ, ಉಲ್ಲೇಖ ಒಂದು, ಉಲ್ಲೇಖ ಎರಡು ಎಂದು ಓದಿದೆ. ಯಜಮಾನರು ಟಿವಿ ಆರಿಸಿ ಬಂದು ನಿಂತರು. ಅವಳ ಹೆಸರು ಇರುವ ಸಾಲಿಗೆ ಬಂದಾಗ ಅದರ ಮೇಲೆ ಬೆರಳಿಟ್ಟು ನಿಂತೆ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಗಳು ಮಾತ್ರ ತಲೆ ತಗ್ಗಿಸಿ, ಕಿವಿಯನ್ನು ನನ್ನ ಕಡೆ ಕೊಟ್ಟು ಕೂತಿದ್ದಳು.

"ನಿಲ್ಲಬ್ಯಾಡ್ರಿ ಅಕ್ಕೋರ," ಎಂದಳು. "ಮುಂದ ಓದ್ರಿ."

ಓದಿದೆ. ಪ್ರತಿಗಳು ಯಾರು ಯಾರಿಗೆ ಎಂಬಲ್ಲಿಯವರೆಗೂ ಓದಿದೆ.